ಕಡಲತೀರದ ಊರುಗಳು: ಅಳಿವೆಯ ಚೆಲುವು, ಅಳಿವೆಯ ಸೆಳೆತ

ಕ್ರಿಸ್ಮಸ್ ಗೋದಲಿಯ ಬಿದಿರು ಇನ್ನೂ ಚರ್ಚ್ ಅಂಗಳದಲ್ಲಿ ಬಿದ್ದಿರುವಾಗಲೇ ಧರ್ಮಕೇಂದ್ರದ ಕಚೇರಿಗೆ ಬೇರೊಂದು ಬಗೆಯ ಪತ್ರಗಳು ಬರಲಾರಂಭಿಸುತ್ತವೆ. ಯುವಜನರ ಸಂಘಟನೆಯವರಿಗೆ ಒಂದು ದಿನದ ಪ್ರವಾಸ, ವರ್ಷವಿಡೀ ಹಾಡಿದ ಗಾಯನ ಮಂಡಳಿಗೆ ಒಂದು ಪಿಕ್‌ನಿಕ್, ಬಲಿಪೀಠ ಸೇವಕ ಮಕ್ಕಳಿಗೆ ಒಂದು ಸಂತೋಷದ ದಿನ. ಏಪ್ರಿಲ್-ಮೇ ತಿಂಗಳಲ್ಲಿ ಇದೇ ಪತ್ರಗಳು ಇನ್ನೊಮ್ಮೆ ಬರುತ್ತವೆ. ಸ್ಥಳ ಎಂಬಲ್ಲಿ ಹೆಚ್ಚಿನವರು ಬರೆದಿರುವುದು ಒಂದೇ ಪದ: ‘ಬೀಚ್’. ಯಾವ ಬೀಚ್ ಎಂದು ವಿಚಾರಿಸಿದರೆ, “ಎಲ್ಲಾದರೂ ಆಗುತ್ತದೆ ಫಾದರ್, ನೀರಿದ್ದರೆ ಸಾಕು” ಎಂಬ ಉತ್ತರ.

ಪ್ರಿಯ ಓದುಗರೇ, ಈ ‘ಎಲ್ಲಾದರೂ’ ಎಂಬ ಮಾತೇ ಈ ಲೇಖನಕ್ಕೆ ಕಾರಣ. ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದವಿದೆ. ಮಂಗಳೂರು, ಉಡುಪಿ ಹಾಗೂ ಕಾರವಾರ ಎಂಬ ಮೂರು ಧರ್ಮಪ್ರಾಂತ್ಯಗಳು ಈ ತೀರದಲ್ಲಿವೆ. ಮುಂಬಯಿಯಿಂದ, ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬರುವ ನಮ್ಮವರು, ಬೆಂಗಳೂರು ಮೈಸೂರಿನಿಂದ ಬಸ್ಸು ಮಾಡಿಕೊಂಡು ಬರುವ ಧರ್ಮಕೇಂದ್ರಗಳವರು ಮಂಗಳೂರಿನಿಂದ ಕಾರವಾರದವರೆಗಿನ ಹೆದ್ದಾರಿಯಲ್ಲಿ ಓಡಾಡುತ್ತಾರೆ. ಆದರೆ ಈ ದಾರಿಯ ಊರುಗಳು ಇರುವಲ್ಲೇ ಯಾಕೆ ಇವೆ, ನಮ್ಮ ಹಳೆಯ ಇಗರ್ಜಿಗಳು ಅಲ್ಲಿಯೇ ಯಾಕೆ ಎದ್ದವು, ಹಾಗೂ ಅದೇ ಜಾಗಗಳಲ್ಲಿ ಪ್ರತಿ ವರ್ಷ ಮಕ್ಕಳನ್ನು ನಾವು ಯಾಕೆ ಕಳೆದುಕೊಳ್ಳುತ್ತಿದ್ದೇವೆ ಎಂಬುದನ್ನು ಕೇಳುವವರು ಕಡಿಮೆ. ಈ ಮೂರು ಪ್ರಶ್ನೆಗಳಿಗೂ ಉತ್ತರ ಬಹುಮಟ್ಟಿಗೆ ಒಂದೇ. ಅದು ಅಳಿವೆ.

ಅಳಿವೆ ಎಂದರೇನು?

ನದಿಯು ಕಡಲನ್ನು ಸೇರುವ ಬಾಯಿಯೇ ಅಳಿವೆ. ನಮ್ಮ ನದಿಗಳು ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಕಡಿಮೆ ದೂರ ಹರಿದು, ಬೇಗನೇ ಕಡಲ ಬಳಿ ಬಂದುಬಿಡುತ್ತವೆ. ಆದರೆ ನೇರವಾಗಿ ಕಡಲಿಗೆ ಬೀಳುವುದಿಲ್ಲ. ಮಳೆಗಾಲದಲ್ಲಿ ನದಿ ಹೊತ್ತು ತಂದ ಮಣ್ಣು-ಮರಳನ್ನು ಕಡಲಿನ ಅಲೆಗಳು ಹಿಂದಕ್ಕೆ ತಳ್ಳುತ್ತವೆ. ಹೀಗೆ ಶತಮಾನಗಳ ಕಾಲ ತಳ್ಳಿದ ಮರಳು ತೀರದ ಉದ್ದಕ್ಕೂ ಒಂದು ದಿಣ್ಣೆಯಾಗಿ ನಿಲ್ಲುತ್ತದೆ. ನದಿ ಆ ದಿಣ್ಣೆಯ ಹಿಂದೆ ಕಡಲಿಗೆ ಸಮಾನಾಂತರವಾಗಿ ಹರಿದು, ಎಲ್ಲೋ ಒಂದು ಕಡೆ ದಾರಿ ಬಿಡಿಸಿಕೊಂಡು ಹೊರಬೀಳುತ್ತದೆ. ಬೆಂಗ್ರೆ, ಕೋಡಿ ಎಂಬ ಹೆಸರಿನ ಊರುಗಳನ್ನು ನೀವು ಕೇಳಿರಬಹುದು. ಅವು ಇಂತಹ ಮರಳು ದಿಣ್ಣೆಗಳ, ಅವುಗಳ ತುದಿಗಳ ಊರುಗಳು.

ದಿಣ್ಣೆಯ ಒಳಗಡೆ ನೀರು ಶಾಂತ. ಹಾಯಿಯ ಹಡಗುಗಳ ಕಾಲದಲ್ಲಿ ಗಾಳಿಯಿಂದ ತಪ್ಪಿಸಿಕೊಳ್ಳಲು, ಕುಡಿಯುವ ನೀರು ತುಂಬಿಕೊಳ್ಳಲು, ಘಟ್ಟದ ಮೇಲಿನಿಂದ ನದಿಯಲ್ಲಿ ಇಳಿದು ಬಂದ ಅಕ್ಕಿ ಹಾಗೂ ಕಾಳುಮೆಣಸನ್ನು ಹೇರಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಆದ್ದರಿಂದ ಬಂದರು ಅಳಿವೆಯಲ್ಲಾಯಿತು. ಬಂದರಿದ್ದಲ್ಲಿ ಪೇಟೆ, ಪೇಟೆಯಿದ್ದಲ್ಲಿ ಸುಂಕದ ಕಟ್ಟೆ. ಅರಬರು ಬಂದರು, ಆಮೇಲೆ ಪೋರ್ಚುಗೀಸರು ಬಂದರು. ಪೋರ್ಚುಗೀಸರು ಕೋಟೆ ಕಟ್ಟಿದಲ್ಲಿ ಇಗರ್ಜಿಯೂ ಎದ್ದಿತು. ನಮ್ಮ ಕರಾವಳಿಯ ಅತಿ ಹಳೆಯ ಇಗರ್ಜಿಗಳು ತೆರೆದ ಕಡಲ ಮುಂದೆ ನಿಂತಿಲ್ಲ, ನದಿಯ ಬದಿಯಲ್ಲಿ ನಿಂತಿವೆ ಎಂಬುದನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಇದೇ ಬಾಯಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಕೊಂಕಣಿಯಲ್ಲಿ ನಮ್ಮವರು ಭರ್ತಿ, ಸುಕ್ತಿ ಎನ್ನುತ್ತಾರೆ. ಉಬ್ಬರದಲ್ಲಿ ಮೈಲುಗಟ್ಟಲೆ ಒಳಕ್ಕೆ ನುಗ್ಗಿದ ನೀರೆಲ್ಲ ಇಳಿತದಲ್ಲಿ ಕೆಲವೇ ತಾಸುಗಳಲ್ಲಿ ಆ ಕಿರಿದಾದ ಬಾಯಿಯಿಂದ ಹೊರಹೋಗಬೇಕು. ಮೇಲೆ ನೋಡಿದರೆ ಅಲೆಯಿಲ್ಲ, ನುಣುಪಾದ ನೀರು. ಕೆಳಗೆ ಸೆಳೆತ. ಚೆಲುವೂ ಅಪಾಯವೂ ಒಂದೇ ಜಾಗದಲ್ಲಿರುವುದು ಹೀಗೆ.

ಮಂಗಳೂರಿನಿಂದ ಮಲ್ಪೆಯವರೆಗೆ

ಮಂಗಳೂರನ್ನು ಬೀಚ್‌ಗಾಗಿ ನೋಡುವವರು ಪಣಂಬೂರಿಗೆ ಹೋಗುತ್ತಾರೆ. ತಪ್ಪಿಲ್ಲ. ಆದರೆ ಊರು ಹುಟ್ಟಿದ ಜಾಗ ನೋಡಬೇಕಾದರೆ ಹಳೆಯ ಬಂದರಿಗೆ ಬನ್ನಿ. ನೇತ್ರಾವತಿ ಹಾಗೂ ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಒಂದು ಬದಿಯಲ್ಲಿ ಉಳ್ಳಾಲ, ಇನ್ನೊಂದು ಬದಿಯಲ್ಲಿ ಬೆಂಗ್ರೆ. ದೋಣಿಯಲ್ಲಿ ಬೆಂಗ್ರೆಗೆ ದಾಟಿ ಹಿಂದಿರುಗಿ ನೋಡಿದರೆ ಊರಿನ ಆಕಾರ ಕಾಣುತ್ತದೆ. 1568ರಲ್ಲಿ ಸ್ಥಾಪನೆಯಾದ ರೊಸಾರಿಯೊ ಇಗರ್ಜಿ, ಇಂದಿನ ಪ್ರಧಾನಾಲಯ, ಈ ಬಂದರಿನ ನೆರೆಯಲ್ಲೇ ಇರುವುದು ಆಕಸ್ಮಿಕವಲ್ಲ. ದೊಡ್ಡ ಹಡಗುಗಳು 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರಿಗೆ ಹೋದ ಬಳಿಕ ಹಳೆಯ ಬಂದರು ಮೀನುಗಾರರ ಹಾಗೂ ಸಣ್ಣ ಹಡಗುಗಳ ಪಾಲಿಗೆ ಉಳಿಯಿತು.

ಇಲ್ಲಿ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಹಳೆಯ ಇಗರ್ಜಿಯ ಫಲಕದಲ್ಲಿ 1568, 1570, 1678 ಎಂದೆಲ್ಲ ಓದಿ ಒಳಗೆ ಹೋದವರು, ಕಟ್ಟಡ ಅಷ್ಟು ಹಳೆಯದಾಗಿ ಕಾಣುತ್ತಿಲ್ಲವಲ್ಲ ಎಂದು ಸಂಶಯ ಪಡುವುದುಂಟು. ಸಂಶಯ ಸರಿಯೇ. 1784ರಲ್ಲಿ ಟಿಪ್ಪು ಸುಲ್ತಾನನ ಆದೇಶದಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಹೆಚ್ಚಿನ ಇಗರ್ಜಿಗಳು ನೆಲಸಮವಾದವು. 1799ರ ಬಳಿಕ ಹಿಂದಿರುಗಿ ಬಂದವರು ಮತ್ತೆ ಕಟ್ಟಿದರು, ಅವರ ಮೊಮ್ಮಕ್ಕಳು ಅದನ್ನೂ ಬದಲಿಸಿ ಕಟ್ಟಿದರು. ಫಲಕದ ವರ್ಷ ಧರ್ಮಕೇಂದ್ರದ ವಯಸ್ಸು, ಗೋಡೆಯ ವಯಸ್ಸಲ್ಲ. ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಇದನ್ನು ವಿವರಿಸಿದರೆ ಒಂದು ಪಾಠವೇ ಆಗುತ್ತದೆ.

ಉತ್ತರಕ್ಕೆ ಹೋದರೆ ಮುಲ್ಕಿಯಲ್ಲಿ ಶಾಂಭವಿ ಹಾಗೂ ನಂದಿನಿ ಜೊತೆಯಾಗಿ ಕಡಲು ಸೇರುತ್ತವೆ. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ಮೀನುಗಾರರಿಗೆ ಗುರುತು. ಕಾಪುವನ್ನು ಎಲ್ಲರೂ ನೋಡಿರುವುದರಿಂದ ಹೆಚ್ಚು ಬರೆಯುವುದಿಲ್ಲ.

ಮಲ್ಪೆಯ ಎದುರಿನ ಸೈಂಟ್ ಮೇರಿಸ್ ದ್ವೀಪಗಳ ಬಗ್ಗೆ ಮಾತ್ರ ಬರೆಯಲೇಬೇಕು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿಗೆ ಬಂದು ಮಾತೆ ಮರಿಯಳ ಹೆಸರಿಟ್ಟನೆಂಬುದು ಪ್ರತೀತಿ. ಅದಕ್ಕಿಂತ ಬಹಳ ಹಳೆಯ ಕಥೆ ಅಲ್ಲಿನ ಕಲ್ಲುಗಳದು. ಕಂಬಗಳನ್ನು ಜೋಡಿಸಿಟ್ಟಂತೆ ಐದು ಮೂಲೆ, ಆರು ಮೂಲೆಯಾಗಿ ನಿಂತಿರುವ ಈ ಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಹೊರಚಿಮ್ಮಿದ ಲಾವಾ ತಣಿದು ಬಿರುಕು ಬಿಟ್ಟಾಗ ಆದವು. ಸೃಷ್ಟಿಯ ಬಗ್ಗೆ ಧರ್ಮೋಪದೇಶದ ತರಗತಿಯಲ್ಲಿ ಹೇಳುವುದನ್ನು ಒಮ್ಮೆ ಈ ಕಲ್ಲಿನ ಮುಂದೆ ನಿಂತು ಹೇಳಿ ನೋಡಿ. ಆದರೆ ಈ ಕಲ್ಲುಗಳು ಪಾಚಿಯಿಂದ ಜಾರುತ್ತವೆ, ಅವುಗಳ ಬುಡದಲ್ಲೇ ನೀರು ಆಳವಾಗುತ್ತದೆ. ಫೋಟೋಕ್ಕಾಗಿ ಅಂಚಿಗೆ ಹೋದವರು ಕೆಳಗೆ ಬಿದ್ದು ಸತ್ತಿದ್ದಾರೆ. ಮಳೆಗಾಲದಲ್ಲಿ ದ್ವೀಪಕ್ಕೆ ಪ್ರವಾಸಿ ದೋಣಿಗಳು ಹೋಗುವುದಿಲ್ಲ.

ಮಲ್ಪೆಯ ಬಂದರಿನಲ್ಲಿ ಬೆಳಗಿನ ಹೊತ್ತು ಬೋಟುಗಳಿಂದ ಮೀನು ಇಳಿಸುವುದನ್ನು ನೋಡುವವರು ಇನ್ನೊಂದನ್ನೂ ನೆನೆಯಬೇಕು. ಇದೇ ಬಂದರಿನಿಂದ 2018ರ ಡಿಸೆಂಬರ್‌ನಲ್ಲಿ ಏಳು ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಹಿಂದಿರುಗಲಿಲ್ಲ. ತಿಂಗಳುಗಳ ಬಳಿಕ, 2019ರ ಮೇ ತಿಂಗಳಲ್ಲಿ, ಅದರ ಅವಶೇಷ ಮಹಾರಾಷ್ಟ್ರದ ಕಡಲಿನಲ್ಲಿ ಸಿಕ್ಕಿತು. ನಾವು ತಟ್ಟೆಯಲ್ಲಿ ಬಂಗುಡೆಯ ಬೆಲೆ ಜಾಸ್ತಿಯಾಯಿತೆಂದು ಗೊಣಗುವಾಗ ಈ ಲೆಕ್ಕ ಯಾರ ಬಾಯಿಗೂ ಬರುವುದಿಲ್ಲ.

ಮಲ್ಪೆಯಿಂದ ಹೂಡೆಯ ದಾರಿಯಾಗಿ ಕೋಡಿಬೆಂಗ್ರೆಗೆ ಹೋಗಿ. ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ನದಿ, ನಡುವೆ ತೆಂಗಿನ ಮರಗಳ ಕಿರಿದಾದ ನೆಲ. ತುದಿಯಲ್ಲಿ ಸುವರ್ಣಾ ಹಾಗೂ ಸೀತಾ ನದಿಗಳು ಕೂಡಿ ಕಡಲಿಗೆ ಬೀಳುತ್ತವೆ. ಅಳಿವೆ ಎಂದರೇನೆಂದು ಮಕ್ಕಳಿಗೆ ಕಣ್ಣಾರೆ ತೋರಿಸಲು ನಮಗೆ ತಿಳಿದಂತೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮರಳಿನ ಮೇಲೆ ನಿಂತು ನೋಡಿ, ನೀರಿಗೆ ಇಳಿಯಬೇಡಿ. ಬರುವಾಗ ಕಲ್ಯಾಣಪುರದ ಮಿಲಾಗ್ರಿಸ್‌ನಲ್ಲಿ ನಿಂತು ಬನ್ನಿ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದೇ ಪ್ರಧಾನಾಲಯವಾಯಿತು. ಕಲ್ಯಾಣಪುರ ಕೂಡ ಸುವರ್ಣಾ ನದಿಯ ದಡದ ಹಳೆಯ ವ್ಯಾಪಾರದ ಊರೇ.

ಕುಂದಾಪುರ ಮತ್ತು ಗಂಗೊಳ್ಳಿ

ಒಂದೇ ಊರಿಗೆ ಹೋಗಲು ಸಮಯವಿರುವವರು ಯಾವುದನ್ನು ಆರಿಸಬೇಕೆಂದು ಕೇಳಿದರೆ ನಾವು ಕುಂದಾಪುರವೆನ್ನುತ್ತೇವೆ. ಮೂರು ಬದಿಯಲ್ಲಿ ನೀರು ಸುತ್ತುವರಿದ ಊರಿದು. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ನದಿಗಳು ಇಲ್ಲಿ ಒಂದಾಗುವುದರಿಂದ ಪಂಚಗಂಗಾವಳಿ ಎಂಬ ಹೆಸರು. ಸಂಜೆ ನಾಲ್ಕೂವರೆಯ ಹೊತ್ತಿಗೆ ನದಿಯ ಬದಿಯಲ್ಲಿ ನಿಂತರೆ ನೀರಿನ ನಡುವಣ ಕುದ್ರುಗಳು, ಅವುಗಳ ಮೇಲಿನ ತೆಂಗಿನ ತೋಟಗಳು, ಪೂರ್ವದಲ್ಲಿ ಕೊಡಚಾದ್ರಿಯ ನೀಲಿ ಗೆರೆ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಪ್ರವಾಸಿಗರ ಗದ್ದಲ ಇಲ್ಲಿ ಕಡಿಮೆ.

ಪೋರ್ಚುಗೀಸರನ್ನು ಇಲ್ಲಿಗೆ ಎಳೆದದ್ದು ಅಕ್ಕಿ. ವಾರಾಹಿಯಲ್ಲಿ ಸ್ವಲ್ಪ ಮೇಲಕ್ಕಿರುವ ಬಸರೂರು ಆಗ ದೊಡ್ಡ ವ್ಯಾಪಾರ ಕೇಂದ್ರ. ಕೆನರಾದ ಅಕ್ಕಿ ಗೋವೆಗೂ ಅರಬ್ ದೇಶಗಳಿಗೂ ಹೋಗುತ್ತಿತ್ತು. 1569ರಲ್ಲಿ ಪೋರ್ಚುಗೀಸರು ಬಸರೂರನ್ನು ಹಿಡಿದರು. ಮರುವರ್ಷ, 1570ರಲ್ಲಿ, ಕುಂದಾಪುರದ ಪವಿತ್ರ ಜಪಮಾಲೆ ಮಾತೆಯ ಧರ್ಮಕೇಂದ್ರ ಆರಂಭವಾಯಿತು. ಬಸರೂರಿನ ಸಂಪತ್ತು ಎಷ್ಟು ಹೆಸರಾಗಿತ್ತೆಂದರೆ 1665ರಲ್ಲಿ ಶಿವಾಜಿ ಕಡಲ ದಾರಿಯಾಗಿ ಬಂದು ಅದನ್ನು ಸೂರೆ ಮಾಡಿದ.

ನಮ್ಮ ಓದುಗರಿಗೆ ಕುಂದಾಪುರ ಇನ್ನೂ ಹತ್ತಿರವಾಗಬೇಕಾದದ್ದು ಸಂತ ಜೋಸೆಫ್ ವಾಜ್ ಅವರಿಂದ. ಗೋವೆಯ ಬಾಣಾವಳಿಯಲ್ಲಿ 1651ರಲ್ಲಿ ಜನಿಸಿದ ಅವರು, 1681ರಲ್ಲಿ ಕೆನರಾಕ್ಕೆ ಹಿರಿಯ ಧರ್ಮಗುರುವಾಗಿ ಬಂದರು. ಬಂದಾಗ ಕಂಡದ್ದು ಸುಖದ ದೃಶ್ಯವಲ್ಲ. ಬಿದ್ದುಹೋದ ಇಗರ್ಜಿಗಳು, ಧರ್ಮಗುರುಗಳಿಲ್ಲದ ಕುಟುಂಬಗಳು, ಮೇಲಾಗಿ ಗೋವೆಯ ಅಧಿಕಾರಕ್ಕೂ ರೋಮಿನಿಂದ ನೇಮಕಗೊಂಡ ಬಿಷಪರಿಗೂ ಇದ್ದ ಜಗಳ. ಆ ಜಗಳದ ನಡುವೆ ನಿಂತು, ಮಂಗಳೂರು ಮಾತ್ರವಲ್ಲದೆ ಬಸರೂರು, ಕುಂದಾಪುರ, ಗಂಗೊಳ್ಳಿ, ಹೊನ್ನಾವರಗಳಲ್ಲಿ ಸುತ್ತಾಡಿ, ಸಭೆಯನ್ನು ಮತ್ತೆ ಕಟ್ಟಿದರು. ಅವರು ಸುತ್ತಾಡಿದ ಊರುಗಳ ಹೆಸರು ನೋಡಿ, ಎಲ್ಲವೂ ನದಿಯ ಬಾಯಿಯ ಅಥವಾ ನದಿದಡದ ಊರುಗಳೇ. ಆಮೇಲೆ ಶ್ರೀಲಂಕಾಕ್ಕೆ ಹೋಗಿ ಅಲ್ಲಿಯೇ 1711ರಲ್ಲಿ ನಿಧನರಾದರು. ಪೋಪ್ ಫ್ರಾನ್ಸಿಸ್ ಅವರು 2015ರ ಜನವರಿ 14ರಂದು ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಪ್ರಾರ್ಥನೆಯಲ್ಲಿ ಅವರು ನೆಲದಿಂದ ಮೇಲೆದ್ದುದನ್ನು ಕುಂದಾಪುರದಲ್ಲಿ ಕಂಡವರಿದ್ದರೆಂಬ ನಂಬಿಕೆ ಆ ಧರ್ಮಕೇಂದ್ರದಲ್ಲಿ ತಲೆಮಾರುಗಳಿಂದ ಬಂದಿದೆ. ಜನವರಿ 16 ಅವರ ಹಬ್ಬ. ಕ್ರಿಸ್ಮಸ್ ರಜೆಯ ಪ್ರವಾಸವನ್ನು ಎರಡು ವಾರ ಮುಂದೂಡಲು ಸಾಧ್ಯವಿರುವವರು ಇದನ್ನು ಮನಸ್ಸಿನಲ್ಲಿಡಬಹುದು.

ಕುಂದಾಪುರದ ಎದುರು ದಡ ಗಂಗೊಳ್ಳಿ. ನೀರಿನ ಮೇಲೆ ಕೂಗಿದರೆ ಕೇಳಿಸುವಷ್ಟು ಹತ್ತಿರ, ರಸ್ತೆಯಲ್ಲಿ ಹೋಗಬೇಕಾದರೆ ಹೆಮ್ಮಾಡಿ, ಮುಳ್ಳಿಕಟ್ಟೆಯಾಗಿ ದೊಡ್ಡ ಸುತ್ತು. ಇಲ್ಲಿಯ ನಿಷ್ಕಳಂಕ ಮಾತೆಯ ಇಗರ್ಜಿಗೆ ಮೀನುಗಾರ ಕುಟುಂಬಗಳು ಜಾತಿ-ಧರ್ಮ ನೋಡದೆ ಹರಕೆ ಹೊತ್ತು ಬರುತ್ತವೆ. ಅಳಿವೆಯಲ್ಲಿ ಹೂಳು ತುಂಬಿ ದಾರಿ ಬದಲಾದಾಗ ಬೋಟುಗಳು ಮಗುಚುತ್ತವೆ. ಕಡಲಿನ ನಡುವೆ ಹತ್ತು ದಿನ ದುಡಿದು ಬಂದವರು ಮನೆಯ ಬಾಗಿಲಲ್ಲಿ, ಅಳಿವೆಯಲ್ಲಿ, ಪ್ರಾಣ ಕಳೆದುಕೊಂಡ ಉದಾಹರಣೆಗಳು ಕರಾವಳಿಯುದ್ದಕ್ಕೂ ಇವೆ. ಹರಕೆಯ ಅರ್ಥ ಅಲ್ಲಿ ನಿಂತಾಗ ತಿಳಿಯುತ್ತದೆ.

ಮುಂದಿನ ಮರವಂತೆಯನ್ನು ಎಲ್ಲ ಕ್ಯಾಲೆಂಡರುಗಳಲ್ಲಿ ಕಂಡಿದ್ದೀರಿ. ಹೆದ್ದಾರಿಯ ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಸೌಪರ್ಣಿಕಾ. ಕಡಲನ್ನು ಮುಟ್ಟುವಷ್ಟು ಹತ್ತಿರ ಬಂದ ನದಿ ಅಲ್ಲಿ ಸೇರದೆ, ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಯ ಅಳಿವೆಯನ್ನು ಹುಡುಕಿಕೊಂಡು ಹೋಗುತ್ತದೆ. ಇಲ್ಲಿ ಇಳಿದು ನೋಡಿ, ಎಳನೀರು ಕುಡಿಯಿರಿ, ಮುಂದೆ ಸಾಗಿ. ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗಳ ಮೇಲೆ ಹತ್ತುವುದಾಗಲಿ ಆ ಕಡಲಿನಲ್ಲಿ ಸ್ನಾನವಾಗಲಿ ಬೇಡ.

ಮುರ್ಡೇಶ್ವರದಲ್ಲಿ ಆದದ್ದು

ಮುರ್ಡೇಶ್ವರ ಅಳಿವೆಯ ಊರಲ್ಲ. ಕಡಲೊಳಕ್ಕೆ ಚಾಚಿಕೊಂಡ ಗುಡ್ಡ, ಅದರ ಮೇಲೆ ದೇಗುಲ ಹಾಗೂ ಎತ್ತರದ ಶಿವನ ಪ್ರತಿಮೆ, ಬದಿಯಲ್ಲಿ ಬೀಚ್. ರಾಜ್ಯದ ಎಲ್ಲೆಡೆಯಿಂದ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಹಾಗೆ ಬಂದ ನಾಲ್ವರು ವಿದ್ಯಾರ್ಥಿನಿಯರು ಇಲ್ಲಿ ಕಡಲು ಪಾಲಾದರು. ಕಡಲನ್ನು ಅದಕ್ಕಿಂತ ಮೊದಲು ಅವರಲ್ಲಿ ಎಷ್ಟು ಮಂದಿ ಕಂಡಿದ್ದರೋ. ಜೊತೆಗಿದ್ದ ಶಿಕ್ಷಕರ ಮೇಲೆ ಪ್ರಕರಣ ದಾಖಲಾಯಿತು. ಈ ಸುದ್ದಿ ಓದಿದ ದಿನ, ಪ್ರವಾಸದ ಪತ್ರಗಳಿಗೆ ನಾವು ಎಷ್ಟು ಸಲೀಸಾಗಿ ಸಹಿ ಹಾಕುತ್ತ ಬಂದಿದ್ದೇವೆಂದು ನೆನಪಾಗಿ ಮನಸ್ಸು ಕುಗ್ಗಿತು.

ನಮಗೂ ಒಂದು ಹಳೆಯ ನೆನಪಿದೆ. ಸಹಾಯಕ ಗುರುಗಳಾಗಿದ್ದ ಕಾಲದಲ್ಲಿ ಬಲಿಪೀಠ ಸೇವಕ ಮಕ್ಕಳನ್ನು ಒಂದು ತೀರಕ್ಕೆ ಕರೆದೊಯ್ದಿದ್ದೆವು. ಅಲೆಗಳಿದ್ದ ಜಾಗ ಬೇಡವೆಂದು, ಅಲೆಯೇ ಇಲ್ಲದ ನಯವಾದ ನೀರು ಹುಡುಕಿ ಅಲ್ಲಿ ಇಳಿಸಿದೆವು. ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು ಕೂಗುತ್ತ ಓಡಿ ಬಂದರು. “ಅಲೆ ಇಲ್ಲದ ಜಾಗಕ್ಕೆ ಮಕ್ಕಳನ್ನು ಬಿಡುವುದಾ ಸ್ವಾಮಿ?” ಅಷ್ಟರಲ್ಲಿ ಒಬ್ಬ ಹುಡುಗ ಕುತ್ತಿಗೆಯವರೆಗಿನ ನೀರಿನಲ್ಲಿದ್ದ. ಅವರೇ ಎಳೆದು ತಂದರು. ಆ ಹುಡುಗನ ತಾಯಿಗೆ ಇದನ್ನು ಹೇಳುವ ಧೈರ್ಯ ನಮಗೆ ಬರಲು ಒಂದು ವಾರ ಹಿಡಿಯಿತು.

ಆ ಹಿರಿಯರು ಹೇಳಿದ್ದೇ ವಿಜ್ಞಾನ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದಕ್ಕೆ ಹೋಗಬೇಕು. ಅದು ಮರಳಿನ ನಡುವೆ ಆಳವಾದ ಒಂದು ಕಾಲುವೆ ಮಾಡಿಕೊಂಡು ಅಲ್ಲಿಂದ ರಭಸವಾಗಿ ಹೊರಹೋಗುತ್ತದೆ. ಕಾಲುವೆ ಆಳವಾಗಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಬಿಳಿನೊರೆ ಕಾಣುವುದಿಲ್ಲ, ಈಜು ಬಾರದವರಿಗೆ ಅದೇ ಸುರಕ್ಷಿತವಾಗಿ ತೋರುತ್ತದೆ. ಬಂಡೆ, ಗುಡ್ಡ, ಬಂದರಿನ ತಡೆಗೋಡೆಗಳ ಪಕ್ಕದಲ್ಲಿ ಇಂತಹ ಸೆಳವು ಬಹುತೇಕ ಯಾವಾಗಲೂ ಇರುತ್ತದೆ. ಅಳಿವೆಯ ಬಳಿ ಇಳಿತದ ನೀರೂ ಸೇರಿ ಇನ್ನೂ ಬಲವಾಗುತ್ತದೆ. ಸೆಳವಿಗೆ ಸಿಕ್ಕಿದವರು ದಡದ ಕಡೆಗೆ ನೇರವಾಗಿ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ಅದು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಮೊದಲು ಮಲಗಿ ತೇಲಬೇಕು, ಕೈ ಎತ್ತಿ ಸಹಾಯ ಕೇಳಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಬದಿಗೆ ಸರಿದು, ಅಲೆ ಒಡೆಯುವ ಜಾಗ ಸಿಕ್ಕಿದ ಬಳಿಕ ಹಿಂದಿರುಗಬೇಕು. ದಡದಲ್ಲಿದ್ದವರು ಗಾಬರಿಯಿಂದ ಒಬ್ಬರ ಹಿಂದೆ ಒಬ್ಬರು ಹಾರಬಾರದು. ಒಂದೇ ಕುಟುಂಬದ ಮೂವರು ನಾಲ್ವರು ಒಟ್ಟಿಗೆ ಸಾಯುವುದು ಹೀಗೆಯೇ. ಹಗ್ಗ, ಗಾಳಿ ತುಂಬಿದ ಟ್ಯೂಬ್, ಮುಚ್ಚಳ ಹಾಕಿದ ಖಾಲಿ ಕ್ಯಾನ್, ತೇಲುವ ಯಾವುದನ್ನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ.

ಹೊನ್ನಾವರದಿಂದ ಕಾರವಾರಕ್ಕೆ

ಶರಾವತಿಯ ಅಳಿವೆಯ ಹೊನ್ನಾವರ ನಮ್ಮ ಕರಾವಳಿಯ ಅತ್ಯಂತ ಹಳೆಯ ಬಂದರುಗಳಲ್ಲೊಂದು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿವೆ ಎಂದು ಬರೆದಿಟ್ಟಿದ್ದಾನೆ. ಮೇಲಕ್ಕೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಈಗಿನ ಪ್ರವಾಸಿಗರು ನದಿಯಲ್ಲಿ ದೋಣಿ ವಿಹಾರಕ್ಕೆ, ಕಾಂಡ್ಲಾ ಗಿಡಗಳ ನಡುವಣ ಮರದ ಹಾದಿಯಲ್ಲಿ ನಡೆಯಲಿಕ್ಕೆ ಬರುತ್ತಾರೆ. ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ಅತಿ ಉದ್ದದ, 2 ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಶರಾವತಿಯದೇ. ಕಿಟಕಿಯ ಬದಿ ಸೀಟು ಸಿಕ್ಕಿದರೆ ಬಿಡಬೇಡಿ.

ದಕ್ಷಿಣ ದಡದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ, ಪಡುಬಿದ್ರಿಯ ಜೊತೆಗೆ, ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ನೀರಿನ ಶುಚಿತ್ವ, ಸ್ನಾನದ ಕೋಣೆ, ಜೀವರಕ್ಷಕರ ಕಾವಲು ಇವೆಲ್ಲ ಈ ಮಾನ್ಯತೆಯ ಷರತ್ತುಗಳು. ಮಕ್ಕಳನ್ನು ನೀರಿಗೆ ಇಳಿಸಲೇಬೇಕೆಂದಿದ್ದರೆ ಇಂತಹ ಕಾವಲಿರುವ ತೀರಗಳನ್ನೇ ಆರಿಸಿ, ಗುರುತು ಹಾಕಿದ ಗಡಿಯೊಳಗೇ ಇರಿ. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ಹಲವು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ನಾವು ಒಂದು ದಿನ ಆಡಿ ಹೋಗುವ ಮರಳು ಇನ್ನೊಬ್ಬರಿಗೆ ಮೀನು ಒಣಗಿಸುವ ಅಂಗಳ, ದೋಣಿ ಎಳೆಯುವ ದಾರಿ.

ಹೊನ್ನಾವರದಿಂದ ಕುಮಟಾಕ್ಕೆ ಹೋಗುವವರು ಚಂದಾವರಕ್ಕೆ ತಿರುಗಬೇಕು. ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಜೇವಿಯರ್ ಅವರ ಹಬ್ಬಕ್ಕೆ ಹಿಂದೂ, ಮುಸ್ಲಿಂ, ಕ್ರೈಸ್ತರೆನ್ನದೆ ಜನ ಸೇರುವ ಪುಣ್ಯಕ್ಷೇತ್ರವದು.

ಕುಮಟಾ ಹಾಗೂ ಗೋಕರ್ಣದ ನಡುವೆ ಅಘನಾಶಿನಿ. ಅಣೆಕಟ್ಟಿಲ್ಲದೆ ಹರಿದು ಬರುವ ನದಿ. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಹೆಂಗಸರು ಗಂಡಸರು ಬಳಚು ಆರಿಸುತ್ತಾರೆ, ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ, ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ. 2024ರ ಜನವರಿಯಲ್ಲಿ ಈ ಅಳಿವೆ ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿತು. ಗೋಕರ್ಣದ ಓಂ ಬೀಚ್, ಕುಡ್ಲೆ ಬೀಚ್‌ಗಳ ಬಗ್ಗೆ ಯುವಜನರಿಗೆ ನಮಗಿಂತ ಹೆಚ್ಚು ಗೊತ್ತು. ಅವೆರಡೂ ಬಂಡೆಗಳ ನಡುವಣ ತೀರಗಳೆಂಬುದನ್ನು ಮಾತ್ರ ನೆನಪಿಸುತ್ತೇವೆ.

ಕೊನೆಗೆ ಕಾರವಾರ. ಗುಡ್ಡಗಳು ಕಡಲಿಗೇ ಇಳಿದು ಬಂದಿರುವ ಊರು, ಕಾಳಿ ನದಿಯ ಅಳಿವೆ, ಎದುರಿಗೆ ದ್ವೀಪಗಳು. ಯುವಕನಾಗಿದ್ದ ರವೀಂದ್ರನಾಥ ಟ್ಯಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದರು. ಬೀಚಿಗೆ ಅವರದೇ ಹೆಸರು. 1976ರಿಂದ ಇದು ಧರ್ಮಪ್ರಾಂತ್ಯದ ಕೇಂದ್ರವೂ ಹೌದು. ಇಲ್ಲಿಯ ಅಂಜುದೀವ ದ್ವೀಪದಲ್ಲಿ ಪೋರ್ಚುಗೀಸರ ಕಾಲದ ಇಗರ್ಜಿಯಿದೆ, ಆದರೆ ಅದು ನೌಕಾನೆಲೆಯ ವ್ಯಾಪ್ತಿಗೆ ಸೇರಿರುವುದರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ. ಕೂರ್ಮಗಡಕ್ಕೆ ಜನ ಜಾತ್ರೆಗೆ ಹೋಗುತ್ತಾರೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿ 16 ಮಂದಿ ಸತ್ತರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ಲೈಫ್ ಜಾಕೆಟ್ ಎಲ್ಲರಿಗೂ ಇಲ್ಲದ ದೋಣಿಗೆ, “ಹತ್ತೇ ನಿಮಿಷ” ಎಂದು ಯಾರು ಒತ್ತಾಯಿಸಿದರೂ, ಹತ್ತಬಾರದು.

ಹೊರಡುವ ಮುನ್ನ

ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು. ಮೇ ತಿಂಗಳ ಕೊನೆಗೆ ಕಡಲು ಏಳಲಾರಂಭಿಸುತ್ತದೆ. ಮಳೆಗಾಲದಲ್ಲಿ ಹೆದ್ದಾರಿಯೂ ನಂಬಿಕೆಗೆ ಅರ್ಹವಲ್ಲವೆಂಬುದನ್ನು 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಮರುತಿಂಗಳು ಕಾಳಿಯ ಹಳೆಯ ಸೇತುವೆ ಬಿದ್ದಾಗ ಕಂಡಿದ್ದೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ಹೋಟೆಲಿನಲ್ಲಿ ‘ತಾಜಾ ಮೀನು’ ಎಂದರೆ ಹೆಚ್ಚಿನಂಶ ಮಂಜುಗಡ್ಡೆಯದು.

ಭಾನುವಾರದ ಪ್ರವಾಸಕ್ಕೆ ಬಲಿಪೂಜೆ ತಪ್ಪಿಸುವ ಅಗತ್ಯವಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ಕಟ್ಟಳೆಯಂತೆ ಅದೇ ದಿನ ಅಥವಾ ಹಿಂದಿನ ಸಂಜೆ, ಯಾವುದೇ ಕಥೋಲಿಕ ಇಗರ್ಜಿಯಲ್ಲಿ ಪಾಲ್ಗೊಂಡರೂ ಕರ್ತವ್ಯ ಪೂರ್ಣವಾಗುತ್ತದೆ. ಕಾರವಾರದ ಕಡೆಯ ಧರ್ಮಕೇಂದ್ರಗಳು ಚಿಕ್ಕವು, ಒಬ್ಬರೇ ಗುರುಗಳು ಎರಡು ಮೂರು ಕಡೆ ಹೋಗಬೇಕಾಗಿರುತ್ತದೆ. ಆದ್ದರಿಂದ ಶನಿವಾರವೇ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಐವತ್ತು ಮಂದಿ ಒಮ್ಮೆಲೇ ಬಂದು ಇಗರ್ಜಿಯ ಶೌಚಾಲಯ ಮಾತ್ರ ಬಳಸಿ ಹೋದರೆಂದು ಅಲ್ಲಿಯ ಗುರುಗಳು ನಮ್ಮಲ್ಲಿ ಬೇಸರ ತೋಡಿಕೊಂಡದ್ದುಂಟು. ಮೀನುಗಾರರ ಕೇರಿಯಲ್ಲಿ ಮರಳಿನ ಮೇಲೆ ಹರಡಿದ ಬಲೆಯನ್ನು ತುಳಿಯಬಾರದು, ಒಂದು ಕಣ್ಣು ಹರಿದರೂ ಅದನ್ನು ಹೆಣೆಯಲು ಅವರಿಗೆ ಸಮಯ ಹಿಡಿಯುತ್ತದೆ.

ಇನ್ನು ಕಚೇರಿಗೆ ಪತ್ರ ತರುವವರಿಗೆ ಒಂದು ಕೋರಿಕೆ. ‘ಬೀಚ್’ ಎಂದಷ್ಟೇ ಬರೆಯದೆ ಯಾವ ಊರಿನ ತೀರ, ಅಲ್ಲಿ ಜೀವರಕ್ಷಕರಿದ್ದಾರೆಯೇ, ಅಂದು ಇಳಿತ ಎಷ್ಟು ಗಂಟೆಗೆ ಎಂದು ವಿಚಾರಿಸಿ ಬರೆಯಿರಿ. ಇಳಿತದ ಸಮಯ ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಜೋರು. ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ. ಜೊತೆಗೆ, ನೀರಿಗೆ ಇಳಿಯದೆ ದಡದಲ್ಲೇ ನಿಂತು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಮಕ್ಕಳ ತಲೆ ಎಣಿಸುವ ಇಬ್ಬರು ಹಿರಿಯರ ಹೆಸರನ್ನೂ ಬರೆಯಿರಿ. ಆ ಇಬ್ಬರ ಹೆಸರಿಲ್ಲದ ಪತ್ರಕ್ಕೆ ನಾವಂತೂ ಈಗ ಸಹಿ ಹಾಕುವುದಿಲ್ಲ.